ಬುದ್ಧಿಯ ಜಾಗದಲ್ಲಿ ಮರೆವು

ಬೆಳಿಗ್ಗೆ ದೇವರಿಗೆ ಕೈಮುಗಿದ ಮೇಲೆ, ಬಾಯಿಗೆ ಚಹಾ ಬೀಳುವ ಮೊದಲು, ಬೈಂಡರಕ್ಕ ಆ ದಿನದ ಪುಸ್ತಕಗಳ ಹೊಲಿಗೆಗೆ ಬೇಕಾದಷ್ಟು ನೂಲಿಗೆ ಮೇಣ ತಿಕ್ಕಿಡುತ್ತಾಳೆ. ವೈರಸ್ ಜ್ವರ ಬಂದು ಮಲಗಿದ್ದಾಗಲೂ ನೂಲನ್ನು ಹಾಸಿಗೆಗೇ ತರಿಸಿಕೊಂಡಿದ್ದಳು.

ಜ್ವರ ಇಳಿಯಿತು, ನಾಲಿಗೆಗೆ ರುಚಿ ಮರಳಿತು. ತಲೆಯ ಮಬ್ಬು ಮಾತ್ರ ಮೂರು ತಿಂಗಳಾದರೂ ಜಪ್ಪಯ್ಯ ಅಂದರೂ ಹೋಗಲಿಲ್ಲ. ‘ಕತ್ತರಿ’ ಎಂಬ ಪದ ಸಿಗದೆ ಎರಡು ಬೆರಳಾಡಿಸಿ ತೋರಿಸಿದಾಗ, ಜೊತೆಗಿರುವ ನಾದಿನಿಯೂ ಅವಳೂ ಸೇರಿ ನಕ್ಕಿದ್ದರು.

ನಗು ನಿಂತದ್ದು, ಮೇಷ್ಟ್ರು ತಮ್ಮ ಹಳೆಯ ನಿಘಂಟನ್ನು ವಾಪಸು ತಂದ ದಿನ. ಅವಳೇ ಹಾಕಿಕೊಟ್ಟ ಹೊಸ ರಟ್ಟು, ಹೊಸ ಹೊಲಿಗೆ. ಒಳಗೆ ಬಕಾರಕ್ಕಿಂತ ಮೊದಲೇ ಮಕಾರ.

“ಬುದ್ಧಿ ಹುಡುಕಿದ್ರೆ ಮರೆವು ಸಿಕ್ತು ಕಣಮ್ಮ,” ಎಂದರು ತಮಾಷೆಗೆ.

ಹದಿನಾರು ಪುಟಗಳ ಮಡಿಕೆಗೆ ಫಾರಂ ಎನ್ನುತ್ತಾರೆ. ಅವುಗಳನ್ನು ಸಾಲಾಗಿ ಜೋಡಿಸುವುದೇ ಕೈತಪ್ಪಿದರೆ ತನ್ನನ್ನು ಯಾರು ಬೈಂಡರಕ್ಕ ಎಂದಾರು?

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಐದು ಪದ ಹೇಳಿಕೊಟ್ಟು, ನೂರರಿಂದ ಏಳೇಳು ಕಳೆಯಿಸಿ, ಗಡಿಯಾರದ ಚಿತ್ರ ಬರೆಸಿ, ಆಮೇಲೆ ಪದಗಳನ್ನು ಕೇಳಿದರು. ಮೂರೇ ನೆನಪಿದ್ದವು. ರಕ್ತ ಪರೀಕ್ಷೆಯೂ ಆಯಿತು.

“ಅರಳುಮರಳಾ ಡಾಕ್ಟರಮ್ಮ?”

“ಹಾಗೆ ಕಾಣ್ತಿಲ್ಲ. ಜ್ವರ ಬಿಟ್ಟುಹೋದ ಮಬ್ಬು. ತುಂಬ ಜನಕ್ಕೆ ನಿಧಾನವಾಗಿ ತಿಳಿಯಾಗುತ್ತೆ, ಇಂಥ ದಿನಕ್ಕೇ ಅಂತ ಹೇಳಕ್ಕಾಗಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ. ದಣಿಯೋಕೆ ಮುಂಚೆ ನಿಲ್ಲಿಸಿ. ಬರೆದಿಟ್ಕೊಳ್ಳಿ, ಬಾಯಲ್ಲಿ ಹೇಳ್ಕೊಳ್ಳಿ.”

ಬಾಯಲ್ಲಿ! ಬೈಂಡಿಂಗ್ ಮಾಡುತ್ತಿದ್ದ ಅಪ್ಪ ಮನೆಯ ಕಿಟಕಿಯ ಕೆಳಗೆ ಕೂತು, ಪ್ರತಿ ಫಾರಂ ಅಡಿಯ ಅಂಕಿಗೆ ಬೆರಳಿಟ್ಟು, “ಒಂದಪ್ಪ ಬಂದ, ಎರಡಪ್ಪ ಬಂದ, ಮೂರಪ್ಪ ಎಲ್ಹೋದ?” ಎಂದು ರಾಗವಾಗಿ ಕರೆಯುತ್ತಿದ್ದ. ಅಂಟಿನ ವಾಸನೆ, ಮಧ್ಯಾಹ್ನದ ಬಿಸಿಲು, ಹಾಳೆಗಳಡಿ ಅವಿತ ಮೂರಪ್ಪನನ್ನು ಹಿಡಿದುಕೊಡುವ ಏಳು ವರ್ಷದ ತಾನು. ದೊಡ್ಡವಳಾದ ಮೇಲೆ ಆ ಹಾಡಿಗೆ ನಾಚಿ, ಅಂಕಿಯನ್ನೂ ನೋಡದೆ ಕೈಯಂದಾಜಿನಲ್ಲೇ ಜೋಡಿಸತೊಡಗಿದ್ದಳು.

ನಿಘಂಟಿನ ಹೊಲಿಗೆ ಬಿಚ್ಚಿದಳು. ಇಪ್ಪತ್ತು ನಿಮಿಷ ಕೆಲಸ, ಆಮೇಲೆ ಕಣ್ಮುಚ್ಚಿ ವಿಶ್ರಾಂತಿ, ಮತ್ತೆ ಕೆಲಸ.

“ಅತ್ತಿಗೆ, ಯಾರ್ಯಾರು ಬಂದಿದಾರೆ? ಚಹಾ ಎಷ್ಟು ಲೋಟ ಮಾಡ್ಲಿ?” ಒಳಗಿನಿಂದ ನಾದಿನಿ ಕೇಳಿದಳು.

“ಇಪ್ಪತ್ಮೂರಪ್ಪ ಈಗ ಬಂದ. ಅಷ್ಟೂ ಮಾಡು.”

ಮೂರನೆಯ ದಿನ ಬಂದ ಮೇಷ್ಟ್ರು ಅರ್ಧಕ್ಕೆ ನಿಂತ ಸಾಲನ್ನು ನೋಡಿದರು. ದನಿ ತಗ್ಗಿಸಿ, “ಅಕ್ಷರದ ಸಾಲು ನನಗೆ ಬಾಯಿಪಾಠ ಅಲ್ವೇನಮ್ಮ. ನಾನೇ ಜೋಡಿಸಿ ಕೊಡ್ತೀನಿ, ನೀನು ಹೊಲಿದ್ರೆ ಸಾಕು,” ಎಂದರು.

ಅವಳು ಇಪ್ಪತ್ನಾಲ್ಕರ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ.

“ಬೇಡ ಮೇಷ್ಟ್ರೇ. ಇನ್ನೊಂದು ವಾರ ಬಿಟ್ಟು ಬನ್ನಿ.”