ಗಂಗೆಪೂಜೆಯಾದ ಬಾವಿ

ರೈಲ್ವೆ ಸ್ಟೇಷನ್ನುಗಳನ್ನು ಕಟ್ಟಿಸುವುದೇ ನನ್ನ ಉದ್ಯೋಗವಾಗಿತ್ತು. ಪ್ಲಾಟ್‌ಫಾರಂ, ಟಿಕೆಟ್ ಕೋಣೆ, ಹಳಿ ನೋಡಿಕೊಳ್ಳುವ ಗ್ಯಾಂಗಿನವರ ಮನೆಗಳ ಸಾಲು, ಇಂಜಿನ್ನಿಗೆ ನೀರು ತುಂಬುವ ಟ್ಯಾಂಕು: ಐವತ್ತರ ದಶಕದ ಕೊನೆಯಲ್ಲಿ ಹಾಸನ, ಹೊಳೆನರಸೀಪುರಗಳ ಕಡೆಯ ಮೀಟರ್ ಗೇಜ್ ದಾರಿಯಲ್ಲಿ ಇವೆಲ್ಲ ನನ್ನ ಹೊಣೆ. ಟಿಕೆಟ್ ಕಿಂಡಿಯ ಮುಂದೆ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆಂಬ ಕಾರಣಕ್ಕೇ ಈ ಕೆಲಸವನ್ನು ಇಷ್ಟಪಟ್ಟು ಹಿಡಿದಿದ್ದೆ. ಒಂದು ಚಿಕ್ಕ ಸ್ಟೇಷನ್ನಿನಲ್ಲಿ ನಾನೇ ತೋಡಿಸಿದ ಬಾವಿ ಆ ನಂಬಿಕೆಯನ್ನು ಪರೀಕ್ಷಿಸಿತು.

ಬಾವಿ ತೋಡಿದವರಲ್ಲಿ ದುದ್ದದ ಕಡೆಯ ಒಬ್ಬ ದಲಿತ ಗ್ಯಾಂಗ್‌ಮನ್ ಮುಖ್ಯನಾಗಿದ್ದ. ಸೆಲೆ ಕಂಡಾಗ ಮೊದಲ ಬೊಗಸೆ ನೀರು ಕುಡಿದವನೂ ಅವನೇ. ಆಗ ಯಾರೂ ಚಕಾರವೆತ್ತಲಿಲ್ಲ. ಕಟ್ಟೆ ಕಟ್ಟಿ, ರಾಟೆ ಹಾಕಿ, ಸಿಬ್ಬಂದಿಯವರು ಅರಿಸಿನ ಕುಂಕುಮವಿಟ್ಟು ಗಂಗೆಪೂಜೆ ಮಾಡಿದರು. ಮರುದಿನ ಅವನ ಹೆಂಡತಿ ಕೊಡ ತಂದಾಗ, ಪಕ್ಕದ ಊರಿನ ಜಮೀನುಳ್ಳ ಮನೆತನಗಳ ಇಬ್ಬರು ಪೋರ್ಟರುಗಳು ಅಡ್ಡ ನಿಂತರು. ಪೂಜೆಯಾದ ಮೇಲೆ ತೋಡಿದವರೇ ಬಾವಿಯನ್ನು ಮುಟ್ಟಬಾರದೆಂಬುದು ಅಲ್ಲಿನ ವಾಡಿಕೆ. ಸಂವಿಧಾನ ತೊಡೆದುಹಾಕಿದ್ದ ಅಸ್ಪೃಶ್ಯತೆಗೆ ಆ ಕಟ್ಟೆಯ ಮೇಲೆ ಇನ್ನೂ ಕಾಯಂ ನೌಕರಿಯಿತ್ತು.

ಆಕೆ ಬಸುರಿ. ನೀರಿಗಾಗಿ ಹಳಿ ದಾಟಿ ಹೊಳೆಗೆ ಇಳಿಯಬೇಕು. ತಿರುವಿನಾಚೆಯಿಂದ ಬರುವ ರೈಲು ಹತ್ತಿರವಾಗುವವರೆಗೂ ಕಾಣದು. ಸಿಳ್ಳೆ ಕೇಳಿದಾಗಲೆಲ್ಲ ಕೈಯಲ್ಲಿನ ಕೆಲಸ ಬಿಟ್ಟು ಹೊರಗೆ ಬಂದು ಹಳಿಯತ್ತ ನೋಡುತ್ತಿದ್ದೆ. ಮೇಲಧಿಕಾರಿಗಳಿಗೆ ದೂರಿದರೆ, ಊರಿನ ಸಾಮರಸ್ಯ ಕೆಡಿಸಬೇಡಿ ಎಂದರು. ಅನ್ಯಾಯಕ್ಕೆ ಸಾಮರಸ್ಯವೆಂದು ಹೆಸರಿಡುವುದು ಎರಡನೆಯ ಅನ್ಯಾಯ. ಗರ್ಭಿಣಿಯ ದುಡಿಮೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದುದು ಮೂರನೆಯದು.

ಸ್ಟೇಷನ್ ಮಾಸ್ಟರು ಸಜ್ಜನರು, ಗಲಾಟೆಗೆ ಅಂಜುವವರು. “ಟ್ಯಾಂಕಿನಿಂದ ಅವರ ಮನೆ ಹಿಂದಕ್ಕೆ ಒಂದು ಪೈಪ್ ಎಳೆದ್ಬಿಡಿ ಸ್ವಾಮಿ. ನೀರೂ ಸಿಗುತ್ತೆ, ಜಗಳಾನೂ ತಪ್ಪುತ್ತೆ” ಎಂದರು. ನಾನು ಆಕೆಯನ್ನೇ ಕೇಳಿದೆ.

“ಬ್ಯಾಡಿ ಸಾ” ಎಂದಳು. “ಆ ನಲ್ಲಿ ಬಂದ್ರೆ ಬಾವಿ ತಾವ್ಕೆ ನಾವು ಇನ್ ಯಾವತ್ತೂ ಓಗಂಗಿಲ್ಲ. ನನ್ ಮಗೀಗೂ ಅದೇ ನಲ್ಲೀನೇ ತೋರುಸ್ತಾರೆ.”

ಪೈಪಿನ ಮಾತು ಅಲ್ಲಿಗೆ ನಿಂತಿತು. ಆಕೆ ಹೊಳೆಗೆ ಹೋಗುವುದು ನಿಲ್ಲಲಿಲ್ಲ.

ಬೇಸಿಗೆಯಲ್ಲಿ, ಬಾವಿಯಿಂದ ಟ್ಯಾಂಕಿಗೆ ನೀರೆತ್ತುವ ಪಂಪಿನ ಕೊಳವೆಗೆ ಹೂಳು ಕಟ್ಟಿತು. ಟ್ಯಾಂಕು ತುಂಬದಿದ್ದರೆ ಇಂಜಿನ್ನಿಗೆ ನೀರಿಲ್ಲ. ಒಳಗಿಳಿಯಲು ಎಲ್ಲರೂ ಕರೆದದ್ದು ಆ ಗ್ಯಾಂಗ್‌ಮನ್ನನ್ನೇ, ಹೂಳೆತ್ತುವವನಿಗೆ ಮೈಲಿಗೆಯಿಲ್ಲವಂತೆ. ಅವನಿಗೆ ಈಜು ಬಾರದು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಒಳಗೋಡೆಯಿಂದ ಚಾಚಿದ ಕಲ್ಲೊಂದಕ್ಕೆ ಕಾಲು ಕೊಟ್ಟು, ಎದೆಮಟ್ಟ ನೀರಿನಲ್ಲಿ ಕೆಲಸ ಮಾಡುತ್ತಿದ್ದ. ಹಗ್ಗದ ತುದಿ ಅದೇ ಇಬ್ಬರು ಪೋರ್ಟರುಗಳ ಕೈಯಲ್ಲಿತ್ತು. ಆಗ ಅವನ ಹೆಂಡತಿ ಕೊಡವನ್ನೂ ತನ್ನದೇ ಒಂದು ಹಗ್ಗವನ್ನೂ ಹಿಡಿದು ಬಂದಳು.

“ಏಯ್, ಅಲ್ಲೇ ನಿಂತ್ಕ” ಎಂದ ಹಿರಿಯ ಪೋರ್ಟರ್.

“ಯಾಕಣ್ಣ? ನನ್ ಗಂಡ ಆ ನೀರಲ್ಲೇ ಅವ್ನೆ. ಅವನ್ ಬೆವರೂ ಅದ್ರಲ್ಲೇ ಕಲೀತಾ ಅದೆ. ಸಂಜೀಕೆ ಅದ್ನೇ ಕುಡೀತೀರಿ. ನನ್ ಕೊಡ ತಾಗುದ್ರೆ ಮಾತ್ರ ಕೆಡ್ತದಾ?”

“ಇವ್ಳ ಬಾಯಿ ನೋಡ್ಲಾ, ಎಣ್ಣೆ ಬುಡದಿದ್ರೂ ತಿರುಗೋ ರಾಟೆ” ಎಂದು ಕಿರಿಯವನು ನಕ್ಕ.

ಹಿರಿಯವನು ನಗಲಿಲ್ಲ. “ನೀನು ಕೊಡ ಬುಟ್ರೆ ನಾವು ಅಗ್ಗ ಬುಡ್ತೀವಿ.”

ಗದರಿಕೆಯೋ ನಿಜವೋ ತಿಳಿಯಲಿಲ್ಲ. ಆಕೆಯ ಕೈ ಕಟ್ಟೆಯ ಮೇಲೇ ನಿಂತಿತು. ಬಾವಿಯೊಳಗಿಂದ ಅವನ ದನಿ ಬಂತು: “ಬುಡಮ್ಮಿ ಕೊಡವ, ನಾನ್ ತುಂಬ್ತೀನಿ.”

ನಾನು ಓಡಿ ಹೋಗಿ ಹಗ್ಗ ಹಿಡಿದೆ. “ನಿಮ್ ಕೈಲಿ ಆಗಕ್ಕಿಲ್ಲ ಸಾ” ಎನ್ನುತ್ತಲೇ ಇಬ್ಬರೂ ಕೈಬಿಟ್ಟು ಹಿಂದೆ ಸರಿದರು. ಪೆನ್ಸಿಲು ಹಿಡಿದು ಅಭ್ಯಾಸವಾಗಿದ್ದ ಅಂಗೈ ಸುಲಿಯಿತು. ಒಂದು ಗೇಣು ಹಗ್ಗ ಜಾರಿಯೇ ಹೋಯಿತು. ಕೆಳಗೆ ನೀರು ಕಲಕಿದ ಸದ್ದು. ಕೊಂದೆನೆಂದುಕೊಂಡೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಯಾರೋ ಏದುಸಿರು ಬಿಡುತ್ತ ಹಗ್ಗಕ್ಕೆ ಕೈ ಹಚ್ಚಿದರು. ಹೊರಳಿ ನೋಡಿದರೆ ಸ್ಟೇಷನ್ ಮಾಸ್ಟರು, ಟೋಪಿಯಿಲ್ಲದೆ. “ಕಾಲು ಕಟ್ಟೆಗೆ ಕೊಡ್ರೀ” ಎಂದರು, ಅಷ್ಟೆ.

ಹಗ್ಗ ಬಿಗಿಯಾಗಿ ನಿಂತಿತು, ಕೊಡ ಇಳಿಯಿತು. ಅವನೇ ಅದನ್ನು ಮುಳುಗಿಸಿ ತುಂಬಿದ, ಆಕೆ ಸೇದಿಕೊಂಡಳು. ಆಮೇಲೆ ಮೂವರೂ ಸೇರಿ ಅವನನ್ನು ಮೇಲಕ್ಕೆಳೆದೆವು.

ಆದರೆ ಗಂಡ ಒಳಗಿರುವಾಗ ಸೇದಿದ ನೀರು ಒಂದು ದಿನದ ನೀರು ಮಾತ್ರ. ಮರುದಿನ ಬೆಳಿಗ್ಗೆ ಆಕೆ ಒಬ್ಬಳೇ ಕೊಡ ಹಿಡಿದು ಬರುವುದನ್ನು ಟಿಕೆಟ್ ಕೋಣೆಯ ಬಾಗಿಲಿನಿಂದ ಕಂಡೆ. ಪೋರ್ಟರುಗಳಿಬ್ಬರೂ ಬಾವಿಕಟ್ಟೆಯ ಮೇಲೆ ಕುಳಿತಿದ್ದರು. ಆಕೆ ನಡಿಗೆ ನಿಧಾನ ಮಾಡಲಿಲ್ಲ. ಅವರು ಎದ್ದರು, ಒಂದು ಮಾತೂ ಆಡದೆ ಊರಿನ ಕಡೆಗೆ ನಡೆದರು. ಆಕೆ ನೀರು ಸೇದಿದಳು. ಆ ಮೌನಕ್ಕೆ ನಾನು ಬೈಗುಳಕ್ಕಿಂತ ಹೆಚ್ಚು ಹೆದರಿದೆ; ಊರಿನವರನ್ನು ಕರೆತರುತ್ತಾರೇನೋ ಎಂದು, ಆಕೆ ಮನೆಯ ಹೊಸಿಲು ದಾಟುವವರೆಗೂ ಊರಿನ ದಾರಿಯನ್ನೇ ನೋಡುತ್ತ ನಿಂತಿದ್ದೆ.