ಹಗುರ ಕೋವಿ ಮತ್ತು ದೇಚಮ್ಮ ಆಂಟಿಯ ದಾರ

ಹೋದ ಶನಿವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಕೂತು ಊಟದ ಕುರ್ಚಿಯೊಂದರ ಮುರಿದ ಕಾಲಿಗೆ ಎಪಾಕ್ಸಿ ಅಂಟು ಮೆತ್ತುತ್ತಿದ್ದೆ. ಎರಡು ಟ್ಯೂಬುಗಳನ್ನು ಹಿಂಡಿ ಕಡ್ಡಿಯಲ್ಲಿ ಕಲಸುತ್ತಿದ್ದಂತೆ ಆ ವಾಸನೆ ಮೂಗಿಗೆ ಬಡಿಯಿತು. ಮಗಳು ಬಾಗಿಲವರೆಗೆ ಬಂದವಳು ಮೂಗು ಮುಚ್ಚಿಕೊಂಡು "ಡ್ಯಾಡ್, ಇಟ್ ಸ್ಟಿಂಕ್ಸ್!" ಎಂದು ಓಡಿಹೋದಳು. ನಾನು ಕಡ್ಡಿ ಹಿಡಿದುಕೊಂಡು ಹಾಗೇ ಕೂತೆ. ಕೆಲವರಿಗೆ ಮಲ್ಲಿಗೆಯ ಪರಿಮಳಕ್ಕೆ ಹಳೆಯದೆಲ್ಲ ನೆನಪಾಗುತ್ತದಂತೆ, ಇನ್ನು ಕೆಲವರಿಗೆ ಇಂಗಿನ ಒಗ್ಗರಣೆಗೆ. ನನ್ನ ಹಣೆಬರಹಕ್ಕೆ ಎಪಾಕ್ಸಿ ಸಿಕ್ಕಿದೆ.

ಟೆಕ್ಸಸ್‌ನಲ್ಲಿ ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನ ನಮ್ಮ ಹೊಸ ಮನೆಗೆ ಆ ಮಧ್ಯಾಹ್ನ ಊಟಕ್ಕೆ ಬರುವವರಿದ್ದದ್ದು ಆಸ್ಟಿನ್ ಹತ್ತಿರದ ಲಿಯಾಂಡರ್ ಊರಿನ ಪೂವಯ್ಯ ಅಂಕಲ್ ಮತ್ತು ದೇಚಮ್ಮ ಆಂಟಿ. ನಾನು ಆಸ್ಟಿನ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ನನಗೆ ವಾರಕ್ಕೊಮ್ಮೆ ಅನ್ನ ಹಾಕಿದ ಕೊಡವ ದಂಪತಿ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಅವರ ಮನೆಯಲ್ಲಿ ಹಂದಿ ಕರಿ ಬೇಯುತ್ತಿದ್ದರೆ ನನಗೊಬ್ಬನಿಗೆ ಬೇರೆ ಪಾತ್ರೆಯಲ್ಲಿ ಕುಂಬಳಕಾಯಿ ಕರಿ, ಬೇರೆ ಸೌಟು, ಜೊತೆಗೆ ಅಕ್ಕಿತರಿಯ ಉಂಡೆಯುಂಡೆ ಕಡಂಬುಟ್ಟು. "ಪಾಪ, ಮೈಸೂರಿನ ಪುಳಿಚಾರು" ಎಂದು ಅಂಕಲ್ ನಗುತ್ತಿದ್ದರು. ನಾನು ಆ ಬೈಗುಳವನ್ನು ಎರಡನೇ ಸಲ ಬಡಿಸಿಕೊಂಡು ಸಹಿಸುತ್ತಿದ್ದೆ.

ನನ್ನ ಸಂಶೋಧನೆಯ ವಿಷಯವನ್ನು ನೀವು ಕೇಳಲೇಬೇಕು. ತೆಳುವಾದ ಪ್ಲಾಸ್ಟಿಕ್ ಹಲಗೆಗಳು ಭಾರ ಬಿದ್ದರೆ ಎಷ್ಟು ಬಾಗುತ್ತವೆ ಎಂಬುದು. ಬಾಗುತ್ತವೆ ಎಂದು ನಮ್ಮಜ್ಜಿಗೂ ಗೊತ್ತಿತ್ತು. ಎಷ್ಟು ಎಂದು ಹೇಳುವುದಕ್ಕೆ ನನಗೆ ಐದು ವರ್ಷ ಹಿಡಿಯಿತು. ಆ ಐದು ವರ್ಷದಲ್ಲಿ ಹೊರಗಿನ ಪ್ರಪಂಚದ ಒಬ್ಬನೇ ಒಬ್ಬ ಮನುಷ್ಯ ನನ್ನ ವಿದ್ಯೆ ಬೇಕು ಎಂದು ಕೇಳಿಕೊಂಡು ಬಂದ. ಅವರೇ ಪೂವಯ್ಯ ಅಂಕಲ್. ತಲೆ ತಿರುಗದೆ ಇರುತ್ತದೆಯೇ, ನೀವೇ ಹೇಳಿ.

ಕೊಡವರಿಗೆ ಕೈಲ್‌ಪೊಳ್ದ್ ಎಂಬ ಹಬ್ಬವಿದೆ, ಅವರ ಆಯುಧಪೂಜೆ. ನಾವು ಮೈಸೂರಿನವರು ಸೈಕಲ್ಲಿಗೂ ಮಿಕ್ಸಿಗೂ ಕುಂಕುಮ ಹಚ್ಚಿ ಕೈ ತೊಳೆದುಕೊಳ್ಳುತ್ತೇವೆ. ಅವರು ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಯನ್ನು ಮರಕ್ಕೆ ಕಟ್ಟಿ ಗುಂಡು ಹೊಡೆಯುತ್ತಾರೆ. ಟೆಕ್ಸಸ್‌ಗೆ ಬಂದ ಮಾತ್ರಕ್ಕೆ ಇದನ್ನು ಬಿಡುತ್ತಾರೆಯೇ? ಕೋವಿ ಇಟ್ಟುಕೊಂಡವನನ್ನು ನೆರೆಹೊರೆಯವರು ಮೆಚ್ಚಿ ನೋಡುವ ಊರು ಸಿಕ್ಕಿದಾಗ! ಪ್ರತಿ ಸೆಪ್ಟೆಂಬರಿಗೆ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಹತ್ತು ಹನ್ನೆರಡು ಮನೆಯವರು ಯಾರದೋ ಪರಿಚಯದ ರ‍್ಯಾಂಚಿನಲ್ಲಿ ಸೇರುತ್ತಿದ್ದರು. ತೆಂಗಿನಕಾಯಿ ತರುವುದು ಡಾಲಸ್‌ನವರ ಪಾಲು. ಅಲ್ಲಿನ ಇರ್ವಿಂಗ್ ಪೇಟೆಯ ಇಂಡಿಯನ್ ಅಂಗಡಿಯಲ್ಲಿ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿದೆಯೇ ಎಂದು ಪರೀಕ್ಷಿಸಿ ಆರಿಸುತ್ತಿದ್ದರು, ನೂರು ಗಜ ದೂರದಿಂದ ಚೂರು ಮಾಡುವ ಕಾಯಿಗೆ. ಮೊದಲ ಗುಂಡು ಹಿರಿಯರಾದ ಪೂವಯ್ಯ ಅಂಕಲ್‌ದು. ಹತ್ತು ವರ್ಷ ಒಂದು ಸಲವೂ ಅವರು ಗುರಿ ತಪ್ಪಿರಲಿಲ್ಲವಂತೆ.

ಆಮೇಲೆ ಅವರು ಹಗುರ ಕೋವಿ ಕೊಂಡರು. ಆ ಕಾಲದಲ್ಲಿ ಎಲ್ಲರಿಗೂ ಎಲ್ಲವೂ ಹಗುರವಾಗಬೇಕಿತ್ತು. ಫೋನು ಹಗುರ, ಲ್ಯಾಪ್‌ಟಾಪ್ ಹಗುರ, ಹಾಲಿನಲ್ಲಿದ್ದ ಕೆನೆಯನ್ನೂ ತೆಗೆದು ಹಗುರ ಮಾಡಿ ಮಾರುತ್ತಿದ್ದರು. ಜಿಂಕೆ ಬೇಟೆಗೆ ಹೋಗುವವರಿಗೂ ಕೋವಿ ಹಗುರವಾಗಬೇಕಿತ್ತು, ಪಿಕಪ್ ಟ್ರಕ್ಕಿನಿಂದ ಇಳಿದು ಇನ್ನೂರು ಹೆಜ್ಜೆ ನಡೆಯಬೇಕಲ್ಲ, ಪಾಪ! ಅಂಗಡಿಯವನು ಅಂಕಲ್‌ಗೆ ಒಂದನ್ನು ಒಂದೇ ಬೆರಳಲ್ಲಿ ಎತ್ತಿ ತೋರಿಸಿದನಂತೆ. ಮರದ ಸ್ಟಾಕ್ ಇದ್ದ ಹಳೆಯ ಕೋವಿ ಅಟ್ಟ ಸೇರಿತು. ಸ್ಟಾಕ್ ಎಂದರೆ ನಳಿಗೆಯನ್ನು ಹೊತ್ತುಕೊಂಡು ಭುಜಕ್ಕೆ ಒರಗುವ ಹಿಡಿ. ಹೊಸದರ ಸ್ಟಾಕ್ ಪ್ಲಾಸ್ಟಿಕ್, ಒಳಗೆಲ್ಲ ಟೊಳ್ಳು. ಆ ವರ್ಷದ ಹಬ್ಬದಲ್ಲಿ ಅಂಕಲ್ ಹೊಡೆದ ಮೂರು ಗುಂಡೂ ತಪ್ಪಿದವು. ಮುಂದಿನ ವರ್ಷವೂ ತಪ್ಪಿದವು. ತೆಂಗಿನಕಾಯಿ ಅಲ್ಲಾಡದೆ ನೇತುಬಿದ್ದು ನೋಡುತ್ತಿತ್ತಂತೆ.

ಮನೆಯಲ್ಲಿ ಜಗಳ ಶುರುವಾಯಿತು. ಒಂದು ಭಾನುವಾರ ನಾನು ಕಡಂಬುಟ್ಟು ಮುರಿಯುತ್ತಿದ್ದಾಗ ಅದು ನನ್ನ ತಟ್ಟೆಯವರೆಗೂ ಬಂತು.

"ಇವರ ಕೈ ನಡುಗ್ತದೆ. ಶರ್ಟಿನ ಗುಂಡಿ ಹಾಕೋಕೆ ಹತ್ತು ನಿಮಿಷ ಬೇಕು" ಎಂದರು ಆಂಟಿ. "ಡಾಕ್ಟರ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ಬರಲ್ಲ ಅಂತಾರೆ."

"ಕೈ ಸರಿಯಾಗೇ ಉಂಟು. ಕೋವಿ ಸರಿಯಿಲ್ಲ."

"ಕೋವಿ ಶರ್ಟ್ ಹಾಕ್ಕೊಳ್ತದಾ?"

ಅಂಕಲ್ ನನ್ನ ಕಡೆ ತಿರುಗಿದರು. "ನೋಡು ಮಾರಾಯ, ಈ ಪ್ಲಾಸ್ಟಿಕ್ ಬಗ್ಗೋದು ನಿನ್ನ ಸಬ್ಜೆಕ್ಟ್ ಅಲ್ವಾ? ನೀನೇ ಪರೀಕ್ಷೆ ಮಾಡಿ ಹೇಳು, ಕೋವಿದಾ, ಕೈದಾ. ಕೈದು ಅಂತ ನೀನು ಹೇಳಿದ್ರೆ ನಾಳೆನೇ ಡಾಕ್ಟರ ಹತ್ರ ಹೋಗ್ತೀನಿ." ಆಮೇಲೆ ಆಂಟಿಗೆ, "ಇವನೂ ಡಾಕ್ಟರೇ ಆಗೋನು. ಸಾಕಲ್ಲ?"

ಆಂಟಿ ನನ್ನನ್ನೇ ನೋಡುತ್ತಿದ್ದರು. ಈಗ ಯೋಚಿಸಿದರೆ ಆ ನೋಟ ಅರ್ಥವಾಗುತ್ತದೆ. ಆಗ ನಾನು ಆಗಲೇ ಮನಸ್ಸಿನಲ್ಲಿ ಗ್ರಾಫ್ ಎಳೆಯುತ್ತಿದ್ದೆ.

ಹೀಗೆ ಕೋಳಿಮೊಟ್ಟೆ ಕೂಡ ಮುಟ್ಟದ ಮನುಷ್ಯ ನಾಲ್ಕು ಶನಿವಾರ ಗುಂಡು ಹೊಡೆಯುವ ರೇಂಜಿನಲ್ಲಿ ಕಿವಿಗೆ ದಪ್ಪನೆಯ ಮಫ್ ಹಾಕಿಕೊಂಡು, ಕೈಯಲ್ಲಿ ಅಳತೆಪಟ್ಟಿ ಹಿಡಿದು ಕೂತ. ಮೈಸೂರಿನಿಂದ ಅಮ್ಮ ಫೋನ್ ಮಾಡಿದಾಗ "ಅದೇನೋ ಢಂ ಢಂ ಅಂತ?" ಎಂದು ಕೇಳಿದಳು. "ಪ್ರಾಜೆಕ್ಟ್ ಅಮ್ಮ" ಎಂದೆ. "ದೀಪಾವಳಿ ಇನ್ನೂ ದೂರ ಇದೆಯಲ್ಲೋ" ಎಂದಳು.

ಕೆಲಸವನ್ನು ಮಾತ್ರ ಶಿಸ್ತಾಗಿ ಮಾಡಿದೆ. ನಳಿಗೆಗೂ ಸ್ಟಾಕಿಗೂ ನಡುವೆ ಒಂದು ಕಾಗದ ಜಾರುವಷ್ಟು ಸಂದು ಇರಬೇಕು. ಗುಂಡು ಹೊರಟಾಗ ನಳಿಗೆ ಅದುರುತ್ತದೆ, ಪ್ರತಿಸಲ ಒಂದೇ ರೀತಿ ಅದುರಿದರೆ ಗುಂಡು ಒಂದೇ ಕಡೆ ಹೋಗುತ್ತದೆ. ಏನಾದರೂ ತಾಗಿದರೆ ಗುಂಡು ಬೇರೆ ದಾರಿ ಹಿಡಿಯುತ್ತದೆ. ಮರದ ಗಟ್ಟಿ ಸ್ಟಾಕಾದರೆ ಸಂದು ಸಂದಾಗಿಯೇ ಉಳಿಯುತ್ತದೆ. ಈ ಹಗುರ ಮಹಾಶಯನನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಸಾಕು, ಹೋಗಿ ನಳಿಗೆಯನ್ನು ತಬ್ಬಿಕೊಳ್ಳುತ್ತಿದ್ದ. ಆದರೂ ಮರಳಿನ ಮೂಟೆಯ ಮೇಲಿಟ್ಟು ಹೊಡೆದರೆ ಗುಂಡುಗಳು ಸರಿಯಾಗಿಯೇ ಹೋಗುತ್ತಿದ್ದವು. ಹಬ್ಬದ ದಿನ ಮಾತ್ರ ಯಾಕೆ ತಪ್ಪುತ್ತವೆ?

ಹಬ್ಬದ ಫೋಟೋ ಆಲ್ಬಮ್ ತರಿಸಿದೆ. ಸಿಕ್ಕಿತು! ಊರಲ್ಲಿ ಕೋವಿಗೆ ಇಡುವ ತೋಕ್‌ಪೂ ಎಂಬ ಕಾಡುಹೂವು ಇಲ್ಲಿ ಸಿಗುವುದಿಲ್ಲವೆಂದು ಆಂಟಿ ಚೆಂಡುಹೂವಿನ ಮಾಲೆ ಮಾಡುತ್ತಿದ್ದರು. ರ‍್ಯಾಂಚಿನ ಗಾಳಿಗೆ ಹಾರಿಹೋಗದಿರಲೆಂದು ನಳಿಗೆಯನ್ನೂ ಸ್ಟಾಕನ್ನೂ ಸೇರಿಸಿ ದಾರದಲ್ಲಿ ಏಳು ಸುತ್ತು ಸುತ್ತಿ ಬಿಗಿದು ಗಂಟು ಹಾಕುತ್ತಿದ್ದರು. ಪೂಜೆಯ ದಾರವನ್ನು ಬಿಚ್ಚಿ ಗುಂಡು ಹೊಡೆಯುವಷ್ಟು ನಾಸ್ತಿಕರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಹಳೆಯ ಮರದ ಕೋವಿಗೆ ಆ ದಾರ ಲೆಕ್ಕಕ್ಕೇ ಇರಲಿಲ್ಲ. ಪ್ಲಾಸ್ಟಿಕ್ ಬಗ್ಗಿತು, ಸಂದು ಮುಚ್ಚಿತು. ರೇಂಜಿನಲ್ಲಿ ಹಾಗೇ ದಾರ ಸುತ್ತಿ ಹೊಡೆಸಿದೆ. ಗುಂಡುಗಳು ನಾಲ್ಕು ಬೆರಳು ಬಲಕ್ಕೆ ಸರಿದವು. ತೆಂಗಿನಕಾಯಿ ಬದುಕಿಕೊಳ್ಳುವುದಕ್ಕೆ ಅಷ್ಟು ಸಾಕು.

ಇಲ್ಲಿ ಒಂದು ಸಣ್ಣ ವಿಷಯ ಬಿಟ್ಟುಹೋಯಿತು. ಬಿಟ್ಟುಹೋಯಿತು ಅನ್ನುವುದೂ ಸುಳ್ಳು, ನಾನೇ ಬಿಟ್ಟೆ. ಮೂಟೆಯಿಲ್ಲದೆ ನಿಂತು ಹೊಡೆದಾಗ, ದಾರ ಇರಲಿ ಇಲ್ಲದಿರಲಿ, ಅಂಕಲ್‌ನ ಕೆಲವು ಗುಂಡುಗಳು ಎಲ್ಲೆಲ್ಲೋ ಹೋಗುತ್ತಿದ್ದವು. ತೋಟಾ ತುಂಬುವಾಗ ಎರಡು ಸಲ ಅವರ ಬೆರಳಿನಿಂದ ಜಾರಿ ಸಿಮೆಂಟಿನ ಮೇಲೆ ಟಣ್ಣೆಂದು ಬಿದ್ದವು. ನಾನೇ ಬಗ್ಗಿ ಎತ್ತಿಕೊಟ್ಟೆ. ಆ ದಾರಿತಪ್ಪಿದ ಗುಂಡುಗಳನ್ನು ನಾನು "ಪ್ರಯೋಗದ ದೋಷ" ಎಂದು ಬರೆದು ಲೆಕ್ಕದಿಂದ ತೆಗೆದುಹಾಕಿದೆ. ನಮ್ಮಂಥ ವಿದ್ವಾಂಸರಿಗೆ ಇಂಥ ಸೌಕರ್ಯವುಂಟು ನೋಡಿ, ಕಣ್ಣಿಗೆ ಕಂಡದ್ದು ಗ್ರಾಫಿಗೆ ಒಗ್ಗದಿದ್ದರೆ ಕಂಡೇ ಇಲ್ಲ ಎನ್ನಬಹುದು.

ನಾಲ್ಕು ಪುಟದ ವರದಿ ಬರೆದೆ. ಬಣ್ಣದ ಪ್ರಿಂಟ್! ಭಾನುವಾರ ಊಟದ ಮೇಜಿನ ಮೇಲೆ ಓದಿಯೂ ಹೇಳಿದೆ. ತಪ್ಪು ಕೈದಲ್ಲ, ಸ್ಟಾಕಿನದು ಮತ್ತು ದಾರದ್ದು. ಅಂಕಲ್ ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಆಂಟಿ "ದಾರ ಕಟ್ಟಿದ್ದು ನಾನೇ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಮರುದಿನ ಡಾಕ್ಟರ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಆಯಿತು.

ಮದ್ದೂ ನನ್ನದೇ. ಸ್ಟಾಕಿನ ಟೊಳ್ಳಿನೊಳಗೆ ಬಾಣದ ಎರಡು ಕಾರ್ಬನ್ ಕಡ್ಡಿಗಳನ್ನು ಉದ್ದಕ್ಕೆ ಕೂರಿಸಿ, ಸುತ್ತ ಎಪಾಕ್ಸಿ ಸುರಿದು ಗಟ್ಟಿಮಾಡಿದೆ. ಹೂವನ್ನು ಹಿಂದೆ ಭುಜದ ಕಡೆಗೆ ಕಟ್ಟಬೇಕೆಂದು ಅಪ್ಪಣೆ ಹೊರಡಿಸಿದೆ. ಆ ಸೆಪ್ಟೆಂಬರಿನಲ್ಲಿ ಅಂಕಲ್‌ನ ಮೊದಲ ಗುಂಡಿಗೇ ಕಾಯಿ ಸಿಡಿದು ನೀರು ಚಿಮ್ಮಿತು. ನಾಲ್ಕು ಜನ ನನ್ನನ್ನು ಎತ್ತಿ ಕುಣಿಸಿದರು. ಹ್ಯೂಸ್ಟನ್‌ನವರೊಬ್ಬರು, "ಎರಡು ವರ್ಷ ಗಂಡನ ಮರ್ಯಾದೆಯನ್ನ ದಾರದಲ್ಲಿ ಕಟ್ಟಿಹಾಕಿದ್ರಲ್ಲ ದೇಚಮ್ಮ!" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿಂದ ಮುಂದೆ ಅವರ ಹೆಸರೇ ದಾರದ ದೇಚಮ್ಮ ಆಯಿತು. ಮರುವರ್ಷದಿಂದ ಆಂಟಿ ಕೋವಿಗೆ ಹೂ ಕಟ್ಟುವುದನ್ನೇ ಬಿಟ್ಟರು. ಬೇರೆ ಯಾರೋ ಒಂದು ಹೂವನ್ನು ಸುಮ್ಮನೆ ಇಟ್ಟು ಮುಗಿಸುತ್ತಿದ್ದರು.

ಆ ಒಂದು ತೆಂಗಿನಕಾಯಿಯ ಬಲದ ಮೇಲೆ ಅಂಕಲ್ ಎರಡು ವರ್ಷ ಯಾವ ಡಾಕ್ಟರ ಮುಖವನ್ನೂ ನೋಡಲಿಲ್ಲ. ಆಂಟಿ ಬಾಯಿ ತೆರೆದರೆ "ನಮ್ಮ ಡಾಕ್ಟರು ಹೇಳಿಯಾಗಿದೆ" ಎನ್ನುತ್ತಿದ್ದರಂತೆ. ಆ ಡಾಕ್ಟರು ಅಷ್ಟು ಹೊತ್ತಿಗೆ ಡಿಗ್ರಿ ತೆಗೆದುಕೊಂಡು ಹ್ಯೂಸ್ಟನ್‌ನಲ್ಲಿ ಕೆಲಸಕ್ಕೆ ಸೇರಿ ಮದುವೆ ಓಡಾಟದಲ್ಲಿದ್ದ. ಕೊನೆಗೆ ಅಂಕಲ್ ಮೆಟ್ಟಿಲ ಮೇಲೆ ಬಿದ್ದರು. ಆಸ್ಪತ್ರೆಯಲ್ಲಿ ನಡುಗುವ ಕಾಯಿಲೆ ಎಂದರು. ವಾಸಿಯಾಗುವುದಿಲ್ಲ, ಆದರೆ ಮೊದಲೇ ಬಂದು ಮಾತ್ರೆ ಶುರುಮಾಡಿದ್ದರೆ ಈ ಎರಡು ವರ್ಷ ಇಷ್ಟು ಕಷ್ಟಪಡಬೇಕಿರಲಿಲ್ಲ ಎಂದರು. ಆಂಟಿ ಇದನ್ನೆಲ್ಲ ಫೋನಿನಲ್ಲಿ ಹೇಳಿದರು. ನನ್ನ ವರದಿಯ ಮಾತನ್ನೇ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಯಾರಿಗೂ ಹೇಳದೆ ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡೆ.

ಶನಿವಾರ ಅವರು ಬಂದಾಗ ಒಂದು ಗಂಟೆ. ಆಂಟಿಯೇ ಡ್ರೈವ್ ಮಾಡಿಕೊಂಡು ಬಂದಿದ್ದರು. ಊಟದ ಕೊನೆಗೆ ನನ್ನ ಹೆಂಡತಿ ಮಜ್ಜಿಗೆ ಕೊಟ್ಟಳು. ಅಂಕಲ್ ಲೋಟ ಎತ್ತಿದರು. ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಮೇಜಿನ ಮೇಲೆ ಚೆಲ್ಲಿತ್ತು.

"ಈ ಲೋಟ ತೀರಾ ಹಗುರ ಆಯ್ತು ಮಾರಾಯ" ಎಂದು ಅಂಕಲ್ ನಕ್ಕರು. ಎಲ್ಲರೂ ತಟ್ಟೆ ನೋಡಿಕೊಂಡರು. ಅಭ್ಯಾಸಬಲದಿಂದ ನನ್ನ ಬಾಯಲ್ಲಿ "ಹೌದು ಅಂಕಲ್, ಬೇರೆ ತರ್ತೀನಿ" ಎಂಬ ಮಾತು ಸಿದ್ಧವಾಗಿತ್ತು. ಹೊರಗೆ ಬಂದದ್ದು ಬೇರೆ.

"ಲೋಟ ಸರಿಯಾಗಿದೆ ಅಂಕಲ್. ಕೈ ನಡುಗ್ತಿದೆ. ಆವತ್ತು ರೇಂಜಲ್ಲೂ ನಡುಗ್ತಿತ್ತು. ನಾನು ನೋಡಿದ್ದೆ. ನೋಡಿ ಬರೀಲಿಲ್ಲ."

ಅಂಕಲ್ ಲೋಟ ಕೆಳಗಿಟ್ಟರು. ನಿಧಾನವಾಗಿ ಹೇಳಿದರು: "ನಂಗೂ ಗೊತ್ತಿತ್ತು. ನೀನು ಕೋವಿ ನೋಡ್ತಿ, ಕೈ ನೋಡಲ್ಲ ಅಂತ ಗೊತ್ತಿದ್ದೇ ನಿನ್ನ ಕರೆದದ್ದು. ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು. ಹೆದರಿಕೆ ಆಯ್ತು ಮಾರಾಯ."

ಮೇಜು ಒರೆಸುತ್ತಿದ್ದ ಆಂಟಿಯ ಕೈ ನಿಂತಿತು. ಗಂಡನನ್ನು ನೋಡಿದರು, ಆಮೇಲೆ ನನ್ನನ್ನು.

"ಅಂದ್ರೆ ನನ್ನ ದಾರದ್ದೇನೂ ತಪ್ಪಿರ್ಲಿಲ್ಲ?"

ಇತ್ತು ಸ್ವಾಮಿ. ನಾಲ್ಕು ಬೆರಳಷ್ಟು ಇತ್ತು. ನಾನೇ ಅಳೆದಿದ್ದೆ. ನನ್ನ ಜೀವಮಾನದಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದ ಒಂದೇ ಒಂದು ಅಳತೆ ಅದು. ಆ ಗ್ರಾಫ್ ಈಗಲೂ ಮೇಲಿನ ಕೋಣೆಯ ಫೈಲಿನಲ್ಲಿ ಭದ್ರವಾಗಿದೆ.

"ಏನೂ ಇರ್ಲಿಲ್ಲ ಆಂಟಿ" ಎಂದೆ.

"ಈ ಸಲ ಹಬ್ಬದ ದಿನ ಎಲ್ಲರ ಮುಂದೆ ಹೇಳ್ತೀಯಾ?"

"ಹೇಳ್ತೀನಿ."

"ಸರಿ" ಎಂದು ಆಂಟಿ ಚೆಲ್ಲಿದ ಮಜ್ಜಿಗೆಯನ್ನು ಒರೆಸಿ ಮುಗಿಸಿದರು.