ಫಿಟ್ಟರ್ ಕಾಕಾನ ಲೆಕ್ಕಕ್ಕೆ ಬಾರದ ದಿನಗಳು

ಮೊನ್ನೆ ಅಂಗಡಿಯ ಕಪಾಟು ಖಾಲಿ ಮಾಡುವಾಗ ಒಂದು ಹಳೆಯ ಖಾಕಿ ಜಾಕೀಟು ಸಿಕ್ಕಿತು. ಮೂಗಿಗೆ ಹಿಡಿದೆ. ಗ್ರೀಸು, ಅದರ ಕೆಳಗೆ ಚೆನ್ನಂಗಿ ಬೇಳೆಯ ಧೂಳು… ಫಿಟ್ಟರ್ ಕಾಕಾ ನನ್ನ ಅಂಗಡಿಯಲ್ಲಿ ಕೂತು ಕೆನಡಾದ ವಿಚಾರಣೆ ಎದುರಿಸಿದ ಸಂಜೆ ಇದನ್ನೇ ಹಾಕಿಕೊಂಡು ಬಂದಿದ್ದರು. ಆ ಸಂಜೆ ಏನೇನು ಕೆಡಬಹುದು ಎಂಬ ಪಟ್ಟಿ ನನ್ನ ತಲೆಯಲ್ಲಿ ತಯಾರಿತ್ತು. ಕರೆಂಟು ಹೋಗಬಹುದು. ಇನ್ವರ್ಟರ್ ಕೈಕೊಡಬಹುದು. ನೆಟ್ ನಿಂತು ಕಾಕಾನ ಮುಖ ಬಾಯಿ ತೆರೆದಂತೆಯೇ ಉಳಿದುಬಿಡಬಹುದು. ಮಾನ್ವಿಯ ಬಸ್ಸು ತಡವಾಗಬಹುದು. ಮದುವೆಯ ಬ್ಯಾಂಡಿನವರು ನಮ್ಮ ಶಟರಿನ ಮುಂದೆಯೇ ನಿಂತು ಬಾರಿಸಬಹುದು. ಗೋಡೆಯ ಹಲ್ಲಿ ಕಂಪ್ಯೂಟರ್ ಮೇಲೆ ಬೀಳಬಹುದು. ಕಾಕಾ ಸಿಟ್ಟಿಗೆದ್ದು ಆ ದೇಶದ ಅಧಿಕಾರಿಯನ್ನು ಲೇ ಅನ್ನಬಹುದು. ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಒಂದೇ, ಸಣ್ಣದು. ನಾನು ಬಾಯಿ ತೆರೆದೆ.

ಕಾಕಾ ಮಾನ್ವಿಯಲ್ಲಿ ನಮ್ಮ ಎದುರು ಮನೆಯವರು. ಸಂಬಂಧವೇನೂ ಇರಲಿಲ್ಲ, ಓಣಿಗೆಲ್ಲ ಕಾಕಾ. ರೈಸ್ ಮಿಲ್ಲಿನ ಯಂತ್ರಕ್ಕೆ ಕಿವಿ ಹಚ್ಚಿ, ಬೇರಿಂಗ್ ಹೋಗಿದೆಯೋ ಬೆಲ್ಟು ಸಡಿಲವೋ ಹೇಳುತ್ತಿದ್ದರು. ನಮ್ಮ ಕಡೆಯ ಮಿಲ್ಲುಗಳಲ್ಲಿ ಒಂದು ರೂಢಿ ಉಂಟು. ಸಾಹುಕಾರರು ತಮ್ಮ ಫಿಟ್ಟರನ್ನು ಬೀಗರ ಮಿಲ್ಲಿಗೆ ಕಳಿಸಿಕೊಡುತ್ತಾರೆ. ಅಲ್ಲಿರುವಷ್ಟು ದಿನ ಪಗಾರ ಆ ಮಿಲ್ಲಿನವರದು, ಆದರೂ ಆತ ಈ ಮಿಲ್ಲಿನ ಮನುಷ್ಯನೇ. ಕಾಕಾ ಸುಗ್ಗಿಯುದ್ದಕ್ಕೂ ದೇವದುರ್ಗದಲ್ಲಿ ದುಡಿದು ಬಂದರೂ ಮಾನ್ವಿಯ ಸಾಹುಕಾರರು ‘ನಮ್ಮ ಫಿಟ್ಟರ್’ ಅನ್ನುವುದನ್ನು ಬಿಡುತ್ತಿರಲಿಲ್ಲ. ಈ ರೂಢಿಯೇ ಮುಂದೆ ಅವರ ಕಾಲಿಗೆ ತೊಡರಿತು.

ಯಂತ್ರ ಮಾರಲು ಬಂದಿದ್ದ ಕೆನಡಾದ ಕಂಪನಿಯೊಂದು ಅವರ ಕೈಗುಣ ನೋಡಿ ಕರೆದೊಯ್ದಿತು. ಅಲ್ಲಿ ಬೇಳೆ ಆರಿಸುವ ದೊಡ್ಡ ಮಿಲ್ಲು. ‘ನಮ್ಮ ಸಿಂಧನೂರು ಹಾದಿ ಹಂಗೇ ಸಪಾಟ್ ಅದ ತಮ್ಮಾ, ದೇವರು ಬಿಸಿಲು ಹಾಕೋದಷ್ಟು ಮರ್ತಾನ’ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಕೆಲವು ವರ್ಷಕ್ಕೆ ಕಾಯಂ ವಾಸದ ಹಕ್ಕು, ಎಲ್ಲರೂ ಪಿಆರ್ ಅನ್ನುವುದು, ಅದೂ ಸಿಕ್ಕಿತು. ಮುಂದಿನದು ಪೌರತ್ವ. ಅಲ್ಲಿ ಒಮ್ಮೆಯಾದರೂ ಓಟು ಹಾಕಬೇಕು ಎಂಬ ಆಸೆ ಅವರಿಗಿತ್ತು. ನನಗೆ ಇಲ್ಲಿ ಓಟು ಹಾಕುವಾಗಲೇ ಬೆರಳ ಮಸಿಯಿಂದ ಚರ್ಮಕ್ಕೇನಾದರೂ ಆದೀತೇ ಎಂಬ ಚಿಂತೆ.

ಅಷ್ಟರಲ್ಲಿ ಕಂಪನಿ ಅವರನ್ನು ಯಂತ್ರ ಕೂಡಿಸಲು ಇಥಿಯೋಪಿಯಾಕ್ಕೆ ಕಳಿಸಿತು. ಅಲ್ಲಿಂದ ತಾಂಜಾನಿಯಾ, ಅಲ್ಲಿಂದ ಟರ್ಕಿ. ಹೊರಡುವಾಗ ಒಂದು ಕಾಗದ ಕೊಟ್ಟರು. ಇನ್ನು ಪಗಾರ ದುಬೈಯಲ್ಲಿರುವ ಇನ್ನೊಂದು ಕಂಪನಿಯಿಂದ ಬರುತ್ತದೆ, ಅದೂ ನಮ್ಮವರದೇ, ಸಹಿ ಹಾಕಿ ಅಂದರು. ಕಾಕಾನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ದೇವದುರ್ಗದ ಬೀಗರ ಮಿಲ್ಲು ಇದ್ದ ಹಾಗೆ ಅಂದುಕೊಂಡು ಸಹಿ ಹಾಕಿದರು.

ಆ ದೇಶದ ನಿಯಮ ಹೀಗೆ. ಪಿಆರ್ ಉಳಿಯಬೇಕಾದರೆ ಐದು ವರ್ಷದಲ್ಲಿ ಎರಡು ವರ್ಷದಷ್ಟು ದಿನ ಆ ನೆಲದ ಮೇಲೆ ಇರಬೇಕು. ಅಲ್ಲಿನ ಕಂಪನಿಯೇ ತನ್ನ ನೌಕರನನ್ನು ಹೊರದೇಶಕ್ಕೆ ಕಳಿಸಿದರೆ ಆ ದಿನಗಳನ್ನೂ ಹಿಡಿಯುತ್ತಾರೆ. ಪೌರತ್ವಕ್ಕಾದರೆ ಮೂರು ವರ್ಷದಷ್ಟು ದಿನ ಬೇಕು, ಅಲ್ಲಿ ಈ ರಿಯಾಯಿತಿಯೂ ಇಲ್ಲ. ಪೌರತ್ವ ತಡವಾಗುತ್ತದೆಂದು ಕಾಕಾನಿಗೆ ಗೊತ್ತಿತ್ತು. ಪಿಆರ್ ಕೂಡ ಕೈಬಿಡುತ್ತಿದೆ ಎಂದು ಗೊತ್ತಿರಲಿಲ್ಲ. ಪಗಾರದ ಚೀಟಿಯಲ್ಲಿ ದುಬೈಯ ಹೆಸರು ಬಂದ ದಿನದಿಂದ ಅವರು ಕೆನಡಾದ ಕಂಪನಿಯ ನೌಕರರೇ ಆಗಿರಲಿಲ್ಲ.

ರಜೆಗೆ ಮಾನ್ವಿಗೆ ಬಂದಾಗ ಪಿಆರ್ ಕಾರ್ಡಿನ ಅವಧಿ ಮುಗಿದಿತ್ತು. ಮರಳಿ ಹೋಗಲು ಪ್ರಯಾಣದ ಪತ್ರ ಬೇಕು. ರಾಯಚೂರು ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಅಲ್ಲಿ ಕೂತು ಅರ್ಜಿ ತುಂಬಿದೆವು. ದೇಶದ ಹೊರಗೆ ಇದ್ದುದೇಕೆ ಎಂಬ ಕಾಲಮ್ಮಿಗೆ ಬಂದಾಗ ನನ್ನ ಹೆದರಿಕೆಗೆ ಒಂದು ಉಪಾಯ ಹೊಳೆಯಿತು.

“ಕಾಕಾ, ಅವ್ವಗ ಆರಾಮಿದ್ದಿಲ್ಲ ಅಂತ ಬರಿಯೋಣೇನ್ರಿ? ಅಂಥಾದಕ್ಕ ಕರುಣಾ ತೋರಸ್ತಾರಂತ.”

“ನಮ್ಮವ್ವ ಸತ್ತು ಇಪ್ಪತ್ತು ವರ್ಷ ಆತು. ಸತ್ತಾಕಿನ್ನ ಮತ್ತ ಹಾಸಿಗ್ಯಾಗ ಮಲಗಸ್ತಿ ಏನು?”

“ಹಂಗಲ್ರಿ…”

“ಕೆಲಸಕ್ಕ ಹೋಗಿದ್ದೆ ಅಂತ ಬರಿ. ಕಳವು ಮಾಡಾಕ ಹೋಗಿದ್ದಿಲ್ಲ.”

ಬರೆದೆ. ಪತ್ರ ಸಿಗಲಿಲ್ಲ, ದುಬೈ ಪಗಾರದ ದಿನಗಳನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಮೇಲ್ಮನವಿ ಹಾಕಿದೆವು. ವಕೀಲರನ್ನು ಹಿಡಿಯಿರಿ ಎಂದು ನಾನು ಗೋಗರೆದೆ. ‘ಮಷಿನ್ ನಾ ಕೂಡಿಸೀನಿ, ಮಾತು ವಕೀಲ ಆಡ್ತಾನೇನು?’ ಅಂದರು. ತಿಂಗಳುಗಳ ಮೇಲೆ ವಿಡಿಯೋ ವಿಚಾರಣೆಗೆ ದಿನ ಬಂತು. ಅಲ್ಲಿ ಬೆಳಿಗ್ಗೆ, ಇಲ್ಲಿ ಸಂಜೆ. ಕೋಣೆಯಲ್ಲಿ ಅವರೊಬ್ಬರೇ ಇರಬೇಕೆಂದು ನಿಯಮ. ಶಟರು ಅರ್ಧ ಇಳಿಸಿ ನಾನು ಹೊರಗೆ ಹೋಗಬೇಕಿತ್ತು. ನೆಟ್ ಹೋದರೆ ಎಂಬ ಭಯಕ್ಕೆ ಝೆರಾಕ್ಸ್ ಯಂತ್ರದ ಹಿಂದೆ ಕೂತೆ.

ಕಾಕಾ ಚೆನ್ನಾಗಿಯೇ ಮಾತಾಡಿದರು. ಮೈಸೂರು ಕಡೆಯ ಕನ್ನಡದ ಹೆಣ್ಣುಮಗಳೊಬ್ಬಳು ತೆರೆಯ ಆ ಕಡೆಯಿಂದ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. “ನಾ ದೇವದುರ್ಗದಾಗ ಆರು ತಿಂಗಳು ಮಿಲ್ ರಿಪೇರಿ ಮಾಡಿದ್ರ ಮಾನ್ವಿ ಮಂದಿ ನೀ ನಮ್ಮ ಊರಾವಲ್ಲ ಅಂತಿದ್ದಿಲ್ಲ. ನಿಮ್ಮ ಬ್ಯಾಳಿ ಮಷಿನ್ ಕೂಡಿಸಾಕ ನೀವೇ ಕಳಿಸೀರಿ. ನೀವೇ ಕಳಿಸಿ, ನೀವೇ ಎಲ್ಲಿ ಹೋಗಿದ್ದಿ ಅಂತ ಕೇಳಾಕತ್ತೀರಿ.”

ಅಧಿಕಾರಿ ತಾಳ್ಮೆಯಿಂದ ಕೇಳಿದರು. ದುಬೈ ಕಂಪನಿಯ ಕಾಗದವನ್ನು ಓದಿ ಸಹಿ ಹಾಕಿದಿರಾ?

ಕಾಕಾ ಸುಮ್ಮನಾದರು. ಓದಿಲ್ಲ ಅಂದರೆ ತಪ್ಪು ಕಂಪನಿಯ ಮೇಲೆ ಹೋದೀತು ಎಂದು ನನಗನಿಸಿತು. “ಇಲ್ಲ ಅನ್ರಿ ಕಾಕಾ,” ಅಂದುಬಿಟ್ಟೆ. ಮೆಲ್ಲಗೇ ಅಂದೆ. ಆದರೆ ಆ ಹೆಣ್ಣುಮಗಳು ಪ್ರಾಮಾಣಿಕಳು. ಕೋಣೆಯಲ್ಲಿ ಯಾರೋ ‘ಇಲ್ಲ ಅನ್ನಿ’ ಎನ್ನುತ್ತಿದ್ದಾರೆ ಎಂದು ಅದನ್ನೂ ಇಂಗ್ಲಿಷಿಗೆ ತಿರುಗಿಸಿದಳು. ಯಾರದು ಎಂದು ಅಧಿಕಾರಿ ಕೇಳಿದರು.

“ನಮ್ಮ ಓಣಿ ಹುಡುಗ್ರಿ, ಐವತ್ತರಾಂವ. ಅಂಜುಬುರುಕ,” ಎಂದರು ಕಾಕಾ. “ಓದೀನ್ರಿ. ಓದೇ ಸಹಿ ಹಾಕೀನಿ. ನಂಬಿದ್ದೆ, ಅದಕ್ಕ.”

ಎರಡು ತಿಂಗಳಿಗೆ ತೀರ್ಪು ಬಂತು. ಮೇಲ್ಮನವಿ ವಜಾ, ಪಿಆರ್ ಹೋಯಿತು. ಅವರ ಪ್ರಾಮಾಣಿಕತೆಯ ಬಗ್ಗೆ ಎರಡು ಒಳ್ಳೆಯ ಮಾತೂ ಇದ್ದವು. ಕೋಣೆಯಲ್ಲಿದ್ದ ಇನ್ನೊಬ್ಬ ವ್ಯಕ್ತಿ ಉತ್ತರ ಹೇಳಿಕೊಡಲು ನೋಡಿದನೆಂದು ಒಂದು ಸಾಲು, ಅದರಿಂದ ನಿರ್ಣಯ ಬದಲಾಗಿಲ್ಲವೆಂದು ಇನ್ನೊಂದು ಸಾಲು. ಎರಡನೆಯ ಸಾಲನ್ನು ನಾನು ಇವತ್ತಿಗೂ ಪೂರಾ ನಂಬಿಲ್ಲ. ನನ್ನ ಮುಖ ನೋಡಿ ಕಾಕಾ ನಕ್ಕರು. “ನೀ ಕೆನಡಾದ ತೀರ್ಪಿನಾಗ ಬಂದಿ ನೋಡು. ನನಗಿಂತ ನೀನೇ ಅಲ್ಲಿ ಕಾಯಂ ಆದಿ.” ಕಾಗದ ಮಡಚಿ ಜೇಬಿಗಿಟ್ಟು, ಎರಡು ಚಹಾ ಹೇಳಿದರು. ಆಮೇಲೆ, ಕೆನಡಾದ ಬಾಡಿಗೆ ಕೋಣೆಯಲ್ಲಿ ತಮ್ಮ ಸ್ಪ್ಯಾನರ್ ಸೆಟ್ಟು ಉಳಿದುಹೋಯಿತೆಂದು ಮಾತ್ರ ಹೇಳಿದರು…

ಮರುವರ್ಷ ಕೆನಡಾದ ಕಂಪನಿಯಿಂದಲೇ ಫೋನು ಬಂತು. ಅಲ್ಲಿನ ಮಿಲ್ಲಿನಲ್ಲಿ ಅವರೇ ಕೂಡಿಸಿದ ಹಳೆಯ ಯಂತ್ರ ಕೆಟ್ಟಿತ್ತು. ಒಂದು ತಿಂಗಳ ಮಟ್ಟಿಗೆ ಬನ್ನಿ, ತಾತ್ಕಾಲಿಕ ಪರವಾನಗಿ ನಾವು ಮಾಡಿಸುತ್ತೇವೆ ಅಂದರು. ನಾನು ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದೆ, ಹೂಂ ಅನ್ನಿ ಎಂದು. ಈ ಸಲ ಬಾಯಿ ಮುಚ್ಚಿಕೊಂಡೇ ಇದ್ದೆ. “ನಾ ಇದ್ದ ಊರಿಗಿ ಬೀಗರಂಗ ಬರಂಗಿಲ್ಲ,” ಅಂದರು ಕಾಕಾ. “ಮಷಿನ್ ಮಾನ್ವಿಗಿ ಕಳಸ್ರಿ, ಮಾಡಿ ಕೊಡ್ತೀನಿ.” ಆ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಯತನಕ ಮಾನ್ವಿಯ ಮಿಲ್ಲುಗಳಲ್ಲೇ ದುಡಿದರು. ಅವರು ಹೋಗಿ ಈಗ ಎರಡು ವರ್ಷ.

ನಿನ್ನೆ ಗಬ್ಬೂರಿನ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದಳು. ಗಂಡನಿಗೆ ಕೆನಡಾದ ಪಿಆರ್ ಇದೆ, ಕಂಪನಿಯವರು ಕೀನ್ಯಾಕ್ಕೆ ಕಳಿಸಿದ್ದಾರೆ, ಕಾರ್ಡಿನ ಅರ್ಜಿ ನೋಡಿ ಅಂದಳು. ನಾನು ಮೊದಲು ಪಗಾರದ ಚೀಟಿ ಕೇಳಿದೆ. ಮೊಬೈಲಿನಲ್ಲಿ ತೋರಿಸಿದಳು. ಬೇರೆಯೇ ಕಂಪನಿಯ ಹೆಸರು. ಹೋಗಿ ಎಷ್ಟು ದಿನವಾಯಿತೆಂದು ಕೇಳಿ ಲೆಕ್ಕ ಹಾಕಿದೆ. ಈಗಲೇ ಮರಳಿ ಹೋದರೆ ದಿನ ಕೂಡುತ್ತವೆ, ತಡಮಾಡಿದರೆ ಇಲ್ಲ. ಹೇಳಿದೆ.

“ಇದೆಲ್ಲಾ ನಿಮಗ ಯಾರು ಹೇಳಿಕೊಟ್ರಿ, ಅಣ್ಣಾರ?”

“ಮಾನ್ವಿಯವರೊಬ್ಬರು. ಈಗ ಇಲ್ಲ.”

ಇದನ್ನೆಲ್ಲ ಆಗಲೇ ನಾನು ತಿಳಿದಿದ್ದರೆ… ಆಕೆ ನನ್ನ ಮುಂದಿನ ಮಾತಿಗೆ ಕಾಯಲಿಲ್ಲ. ಅಲ್ಲೇ ನಿಂತು ಗಂಡನಿಗೆ ಫೋನು ಹಚ್ಚಿದಳು.

“ಸಾಹೇಬರಿಗೆ ಹೇಳ್ರಿ, ನಾ ತಿರುಗಿ ಕೆನಡಾಕ್ಕ ಹೊಂಟೀನಿ ಅಂತ. ನೌಕರಿ ತಗೀತಾರಂದ್ರ ತಗೀಲಿ. ನಿಮ್ಮ ದಿನ ನಿಮಗ ಅವ್ರು ಕೊಡಂಗಿಲ್ಲ… ಏನು? ಅಂಜಿಕಿ ಬರ್ತದ? ಬರ್ಲಿ ತಗೋರಿ, ಅಂಜಕೋತನ ಟಿಕೆಟ್ ತಗೀರಿ.”

ಕಾಕಾ ಇದ್ದಿದ್ದರೆ ಆಕೆಗೂ ಒಂದು ಚಹಾ ಹೇಳುತ್ತಿದ್ದರು. ನಾನು ಕುರ್ಚಿ ಸರಿಸಿಕೊಟ್ಟೆ. ಆ ಜಗಳ ಬೇಗ ಮುಗಿಯುವ ಹಾಗೆ ಕಾಣಲಿಲ್ಲ.